ಕಾಫಿ ಬಿಟ್ಟ ಮನೆ

ಸಿನ್ಸಿನಾಟಿ
11 ನವೆಂಬರ್ 1849

ಪ್ರೀತಿಯ ಅಕ್ಕ ಅಡೆಲ್‌ಹೈಡ್,

ಬೇಸಿಗೆಯಿಂದ ನಿನ್ನ ಯಾವ ಕಾಗದಕ್ಕೂ ಉತ್ತರ ಬರೆದಿಲ್ಲ, ಎಷ್ಟು ಬೇಕಾದರೂ ಬೈದುಕೋ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ನಮ್ಮ ಮಗು ಮಿನ್ನಾಳಿಗೆ ಕಾಲುಚೀಲ ಹೆಣೆಯಲು ಪಾದದ ಅಳತೆ ಕೇಳಿದ್ದೀಯ. ಅದನ್ನು ಕೊನೆಗೆ ಬರೆಯುತ್ತೇನೆ.

ಲೆಬರೆಕ್ಟ್ ಈಗ ಊರಿಗೆಲ್ಲ ಬೇಕಾದ ವೈದ್ಯರು. ಸ್ಯಾಕ್ಸನಿಯಲ್ಲಿ ಔಷಧದಂಗಡಿಯವರು ಇವರ ಹೋಮಿಯೋಪತಿ ಕಂಡು "ಸಕ್ಕರೆ ಗುಳಿಗೆ ಡಾಕ್ಟರು" ಎಂದು ಆಡಿಕೊಂಡು ನಮ್ಮನ್ನು ಊರು ಬಿಡಿಸಿದರಲ್ಲ, ಇಲ್ಲಿ ಕಾಲರಾ ಬಂದಾಗ ಅದೇ ಗುಳಿಗೆಗೆ ಜನ ಬಾಗಿಲಲ್ಲಿ ಸಾಲು ನಿಂತರು. ನಾನು ಹಿಗ್ಗಬೇಕಿತ್ತು. ಆದರೆ ಅಕ್ಕ, ನನ್ನ ಗಂಡನ ಮೇಲೇ ನನಗೆ ಅನುಮಾನ ಹುಟ್ಟಿತು.

ಶುರುವಾದದ್ದು ಕಾಫಿಯಿಂದ. ಒಂದು ಬೆಳಿಗ್ಗೆ ಕಾಫಿ ಬೀಜವೂ ಇಲ್ಲ, ಬೀಸುವ ಯಂತ್ರವೂ ಇಲ್ಲ. "ಬೆಲೆ ಜಾಸ್ತಿಯಾಗಿದೆ ಕಣೆ, ಸ್ವಲ್ಪ ದಿನ ಹಾಲು ಕುಡಿಯೋಣ" ಎಂದರು. ಊಟ ಬಿಟ್ಟರೂ ಕಾಫಿ ಬಿಡದ ಮನುಷ್ಯ! ಆಮೇಲೆ ಉಣ್ಣೆ ಬಟ್ಟೆಯ ಪೆಟ್ಟಿಗೆ ತೆಗೆದರೆ ಕರ್ಪೂರ ಮಾಯ, ಒಳಗೆಲ್ಲ ನುಸಿ. ಔಷಧದ ಗುಣವನ್ನೇ ಅಳಿಸಿಹಾಕುತ್ತವೆಂದು ಕಾಫಿ, ಕರ್ಪೂರ ದೂರವಿಡುವುದು ಇವರ ಗುಳಿಗೆ ತೆಗೆದುಕೊಳ್ಳುವವರ ಮನೆಯಲ್ಲಿ. ನಮ್ಮ ಮನೆಯಲ್ಲಿ ಅದನ್ನು ಯಾರು ತೆಗೆದುಕೊಳ್ಳುತ್ತಿದ್ದರು?

ಬೆಳಗಾದರೆ ವಿಚಾರಣೆ ಬೇರೆ. "ನಿದ್ದೆ ಬಂತಾ? ಏನು ಕನಸು ಬಿತ್ತು? ಗಂಟಲಲ್ಲಿ ಏನೋ ಸಿಕ್ಕಿಹಾಕ್ಕೊಂಡ ಹಾಗಿದೆಯಾ?"

ಹೊಸ ಔಷಧವನ್ನು ಮೊದಲು ಆರೋಗ್ಯವಂತರು ತಿಂದು ನೋಡುವುದು ಇವರ ಪದ್ಧತಿ. ಮದುವೆಯಾದ ಹೊಸದರಲ್ಲಿ ನಾನೂ ಹಾವಿನ ವಿಷದ ಗುಳಿಗೆ ನುಂಗಿ ವಾರವಿಡೀ ಕಂಡಕಂಡವರ ಜೊತೆ ಜಗಳವಾಡಿದ್ದೆ. ಆಗ ಕೇಳಿ ಕೊಟ್ಟಿದ್ದರು. ಈಗ ದಿನಾ ತಾವೇ ತಂದುಕೊಡುವ ಹಾಲಿನಲ್ಲಿ ಕದ್ದು ಕೊಡುತ್ತಿದ್ದಾರೆಯೇ? ಹೇಳುವವರು ಕೇಳುವವರು ಇಲ್ಲದ ಹೆಂಗಸೇ ನಾನು?

ಪಕ್ಕದ ಬೇಕರಿಯ ಕ್ರೆಸೆನ್ಸ್‌ಗೆ ಹೇಳಿದೆ. "ಆ ಹಾಲನ್ನ ಗಂಡನಿಗೇ ಕುಡಿಸಿ ನೋಡಮ್ಮ, ಮುಖಾನೇ ಎಲ್ಲಾ ಹೇಳುತ್ತೆ" ಎಂದಳು.

ಹೋದ ವಾರ ಊಟದ ಹೊತ್ತಿಗೆ ನನ್ನ ಹಾಲಿನ ಲೋಟವನ್ನು ಅವರ ಮುಂದೆ ಸರಿಸಿದೆ. "ಇವತ್ತು ನೀವೇ ಕುಡೀರಿ."

ಮುಖ ಬಿಳಿಚಿಕೊಂಡಿತು.

"ಯಾವ ವಿಷ ಹಾಕಿ ನನ್ನ ಮೇಲೆ ಪರೀಕ್ಷೆ ಮಾಡ್ತಿದ್ದೀರಿ?"

"ವಿಷ ಅಲ್ಲ, ಪರೀಕ್ಷೆನೂ ಅಲ್ಲ ಕಣೆ. ಔಷಧಿ. ಕೇಳಿದ್ರೆ ನೀನು ತಗೊಳ್ತಿರಲಿಲ್ಲ."

"ನನಗೇನು ರೋಗ ಬಂದಿದೆ?"

ಅವರು ಮೇಜಿನ ಮೇಲೆ ನಾನಿಟ್ಟಿದ್ದ ತಟ್ಟೆಗಳನ್ನೇ ನೋಡುತ್ತಾ ಕೂತರು. ಆಮೇಲೆ ಹೇಳಿದರು. ನನಗೆ ನಾಚಿಕೆಯಾಯಿತು. ಲೋಟ ಎತ್ತಿ ಕುಡಿದುಬಿಟ್ಟೆ.

ನಿನ್ನ ಮಕ್ಕಳನ್ನು ದೇವರು ಬೆಚ್ಚಗಿಟ್ಟಿರಲಿ, ಈ ಚಳಿಯಲ್ಲಿ ಒಂದಕ್ಕೂ ಕೆಮ್ಮು ಬಾರದಿರಲಿ.

ನಿನ್ನ ತಂಗಿ,
ಟೆಕ್ಲಾ

ತಾ.ಕ.: ಕಾಲುಚೀಲ ಹೆಣೆಯಬೇಡ ಅಕ್ಕ. ಮಿನ್ನಾ ಇಲ್ಲ. ಜುಲೈನಲ್ಲಿ ಅದೇ ಕಾಲರಾ, ಬೆಳಿಗ್ಗೆ ಆಡುತ್ತಿದ್ದವಳು ಸಂಜೆಗೆ ಹೋಗಿಬಿಟ್ಟಳು. ಬೀದಿಯ ಮಕ್ಕಳಿಗೆಲ್ಲ ಕೊಟ್ಟ ಗುಳಿಗೆ ಅವಳಿಗೆ ನಾಟಲಿಲ್ಲ. ನಾನಿನ್ನೂ ಅತ್ತಿಲ್ಲ. ಊಟಕ್ಕೆ ಮೂರು ತಟ್ಟೆ ಇಡುವುದನ್ನೂ ಬಿಟ್ಟಿಲ್ಲ. ಔಷಧಿ ಅದಕ್ಕಂತೆ, ದುಃಖ ಇಳಿಯಲಿಕ್ಕಂತೆ. ಅವರೆದುರು ದಿನಾ ಹಾಲು ಕುಡಿಯುತ್ತೇನೆ, ಪಾಪ. ಕುಡಿದು ಸೀದಾ ಕ್ರೆಸೆನ್ಸ್ ಮನೆಗೆ ಹೋಗಿ ಒಂದು ಬಟ್ಟಲು ಗಟ್ಟಿ ಕಾಫಿ ಕುಡಿದು ಬರುತ್ತೇನೆ. ಮಿನ್ನಾಳದ್ದು ಅಂತ ನನ್ನ ಹತ್ತಿರ ಉಳಿದಿರುವುದು ಈ ದುಃಖ ಒಂದೇ. ಅದನ್ನೂ ಅವರು ವಾಸಿ ಮಾಡುವುದು ಬೇಡ.