ಕುಂಟು ಹಕ್ಕಿ ಮತ್ತು ನಿನ್ನ ಬೂಟು

ಅಕ್ಕಾ,

ದ್ವೀಪದಲ್ಲಿ ಸುಖವಾಗಿದ್ದೇವೆ. ವಸಂತ ಬಂದು ಇಲ್ಲಿ ಕಲ್ಲಿಗೂ ಹಸಿರು ಹತ್ತಿದೆ. ನಿನ್ನ ಬೂಟು ಹಾಕಿಕೊಂಡು ದಿನವೂ ಅಲೆಯುತ್ತಿದ್ದೆ. ನಿನ್ನೆ ಆದದ್ದನ್ನು ಎದುರು ನಿಂತು ಹೇಳಲು ಮುಖವಿಲ್ಲ, ಅದಕ್ಕೇ ಈ ಕಾರ್ಡು.

ಹುಲ್ಲಿನಲ್ಲಿ ಒಂದು ಹಕ್ಕಿ ರೆಕ್ಕೆ ಎಳೆದುಕೊಂಡು ಕುಂಟುತ್ತಿತ್ತು. ಹಿಡಿದು ಕಟ್ಟು ಹಾಕೋಣವೆಂದು ಕರವಸ್ತ್ರ ತೆಗೆದೆ.

"ದಾರಿ ಬಿಟ್ಟು ಇಳೀಬೇಡ, ಬೋರ್ಡ್ ಹಾಕಿದಾರೆ," ಅಂದರು ಇವರು.

"ನಿಮಗೆ ಕರುಣೆ ಅನ್ನೋದೇ ಇಲ್ಲ," ಅಂತ ಬೈದು, ಕರವಸ್ತ್ರ ಹಿಡಿದು ಅದರ ಹಿಂದೆ ಹೋದೆ. ನಾನು ಹತ್ತಿರವಾದಷ್ಟೂ ಅದು ಮುಂದೆ ಮುಂದೆ ಕುಂಟಿತು. ಬಳಸಿ ಹೋಗಿ ಅಡ್ಡಗಟ್ಟೋಣವೆಂದು ಹಿಂದಕ್ಕೆ ತಿರುಗಿ ಹತ್ತು ಹೆಜ್ಜೆ ಇಟ್ಟೆ. ಕಾಲಡಿಯಲ್ಲಿ ಏನೋ ಪಚಕ್ ಅಂದಿತು. ನೋಡಿದರೆ ಗೂಡು, ನೆಲದ ಮೇಲೆಯೇ. ಒಂದು ಮೊಟ್ಟೆಯೂ ಉಳಿಯಲಿಲ್ಲ.

ಹಕ್ಕಿ ಕುಂಟುವುದನ್ನು ಅಲ್ಲಿಗೇ ಬಿಟ್ಟು, ಎರಡೂ ರೆಕ್ಕೆ ಬಿಚ್ಚಿ ನೆಟ್ಟಗೆ ಹಾರಿ ಬಂತು. ಅದಕ್ಕೆ ಏನೂ ಆಗಿರಲಿಲ್ಲ ಅಕ್ಕಾ. ನನ್ನನ್ನು ಗೂಡಿನಿಂದ ದೂರ ಕರೆದೊಯ್ಯಲು ಅಷ್ಟು ಹೊತ್ತೂ ಕುಂಟಿದಂತೆ ನಟಿಸಿತ್ತು. ಇವರು ಕೈ ಹಿಡಿದು ನನ್ನನ್ನು ದಾರಿಗೆ ಹತ್ತಿಸಿದರು, ಬೈದಿದ್ದರೆ ವಾಸಿಯಿತ್ತು.

ನನ್ನ ಮಂಡಿನೋವು ಕಡಿಮೆಯಿದೆ, ಮಾತ್ರೆ ಬೇಕಾದಷ್ಟಿದೆ. ನಿನ್ನ ಬೂಟು ಉಜ್ಜಿ ಉಜ್ಜಿ ತೊಳೆದಿದ್ದೇನೆ, ಹಾಕಿಕೊಳ್ಳಲು ಮನಸ್ಸು ಬರುತ್ತಿಲ್ಲ. ಇವತ್ತು ಚಪ್ಪಲಿಯಲ್ಲೇ ಆ ದಾರಿಗೆ ಹೋಗಿದ್ದೆ. ಹಕ್ಕಿ ಒಡೆದ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ನನ್ನನ್ನು ಕಂಡದ್ದೇ ಎದ್ದು, ಮತ್ತೆ ಕುಂಟತೊಡಗಿತು.

ಜಾಗ ಮುಗಿಯಿತು.

ನಿನ್ನ ತಂಗಿ