ಲಾಭ, ಎರಡು, ಮೂರು

ನವೆಂಬರ್ 11, ಸೋಮವಾರ

ಮೊಣಕಾಲಿಗೆ ಐಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇವತ್ತಿನ ಕ್ಲಾಸ್ ದಂಡ. ಮುರಗೋಡದ ಹುಡುಗಿಯರಿಗೆ ಬಸ್ ತಪ್ಪಿತ್ತು, ಬಂದವರಿಗೆ ನಿದ್ದೆ. ಬೆನ್ನು ನೆಟ್ಟಗಿಡಿ ಎಂದರೆ ಹೊಟ್ಟೆ ಮುಂದೆ ತರುತ್ತಾರೆ. ಪಾದ ಚಾಚುವುದು ಬರುವುದು ಮಹೇಕ್ ಒಬ್ಬಳಿಗೇ. ಅದನ್ನು ಅವಳಿಗೆ ಹೇಳುವುದಿಲ್ಲ. ಹೇಳಿದರೆ ತಲೆಗೇರುತ್ತದೆ.

ಹೊಸದಾಗಿ ಸೇರಿದ ಮಗುವಿನ ತಾಯಿ ಬಾಗಿಲಲ್ಲೇ ಹಿಡಿದಳು. "ಮೇಡಂ, ಎಣಸೂಮುಂದ ನೀವು ಒಂದು ಅನ್ನೂದೇ ಇಲ್ಲಲ್ರಿ? ನಮ್ಮ ಹುಡುಗಿ ಸಾಲ್ಯಾಗೂ ಲಾಭ, ಎರಡು, ಮೂರು ಅಂದಾಳಂತ. ಟೀಚರು ಬೈದಾರ."

ಬೈಯಲಿ. ನಾನು ಎಣಿಸುವುದೇ ಹೀಗೆ. ಅಪ್ಪ ಈ ಬೈಲಹೊಂಗಲದ ಪೇಟೆಯಲ್ಲಿ ಕಾಳು ಅಳೆಯುತ್ತಿದ್ದ. ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ, ಶುಭವಾಗಲಿ ಎಂದು. ನಾನು ಎಣಿಕೆ ಕಲಿತದ್ದು ಸಾಲೆಯಲ್ಲಲ್ಲ, ಅಪ್ಪನ ರಾಶಿಯ ಪಕ್ಕ. ಪುಣೆಯ ಬ್ಯಾಲೆ ಕಂಪನಿಯಲ್ಲಿ ಹದಿನಾರು ವರ್ಷ ಕುಣಿದೆ. ಪಾಠ ಫ್ರೆಂಚಿನಲ್ಲಿ, ಬೈಗುಳ ಮರಾಠಿಯಲ್ಲಿ. ಎಣಿಕೆ ಮಾತ್ರ ನನ್ನದೇ ಉಳಿಯಿತು.

ಅಷ್ಟು ಕುಣಿದು ಈಗ ಎಲ್ಲಿದ್ದೇನೆ? ಹಳೆಯ ಶೇಂಗಾ ಗೋಡೌನಿನಲ್ಲಿ. ಲಾರಿಯ ಮಟ್ಟಕ್ಕೆ ಎತ್ತರಿಸಿದ ನೆಲ, ಹತ್ತಿ ಬರಲು ಏಳು ಕಟ್ಟಿಗೆ ಮೆಟ್ಟಿಲು, ಯಾರು ಬಂದರೂ ಸಪ್ಪಳ. ಗೋಡೆಗೆ ಉದ್ದಕ್ಕೂ ಕಬ್ಬಿಣದ ಬಾರ್, ಹಿಡಿದು ನಿಲ್ಲಲು. ಬೋರ್ಡಿನಲ್ಲಿ "ಬಾರ್ ಸೌಲಭ್ಯವಿದೆ" ಎಂದು ಬರೆಸಿದ್ದೆ. ಮೊದಲ ವಾರ ಬಂದವರೆಲ್ಲ ಗಂಡಸರು.

ನವೆಂಬರ್ 14

ವಾಟ್ಸಾಪಿನಲ್ಲಿ ಪೋಸ್ಟರ್ ಬಂತು. ಪುಣೆಯ ಕಂಪನಿ ಕಿತ್ತೂರಿಗೆ ಬರುತ್ತಿದೆ, ಹೈವೇ ಪಕ್ಕದ ಹೊಸ ಸಭಾಭವನಕ್ಕೆ. ಅಲ್ಲಿಂದ ರಾಮದುರ್ಗಕ್ಕೆ. ಬ್ಯಾಲೆಯ ಹೆಸರು "ದಿ ಹಾರ್ವೆಸ್ಟ್". ಕೆಳಗೆ ದಪ್ಪ ಅಕ್ಷರ — ನೃತ್ಯ ಸಂಯೋಜನೆ ಮತ್ತು ನಿರ್ದೇಶನ: ಸಂದೀಪ.

ಅವನ ಬಾಯಿಗೆ ಮಣ್ಣು ಬೀಳಲಿ.

ಅದು ನನ್ನ "ಕಣ". ನನ್ನ ಮೊಣಕಾಲು ಕೈಕೊಟ್ಟ ವರ್ಷ ಸ್ಟುಡಿಯೋದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಣಿಕೆ ಕೂಗಿ ಕೂಗಿ ಕಟ್ಟಿದ ಬ್ಯಾಲೆ. ನಡುವೆ ಸಂಗೀತ ನಿಲ್ಲುತ್ತದೆ. ಕುಣಿಯುವವರು ಖಾಲಿ ರಂಗವನ್ನೇ ಕಾಳು ರಾಶಿ ಮಾಡುವ ಕಣ ಮಾಡಿಕೊಂಡು ಸುತ್ತ ಕುಕ್ಕರಗಾಲಲ್ಲಿ ಕೂತು ತಾವೇ ಎಣಿಸುತ್ತಾರೆ. ಏಳು ಅಂದಾಗ ಏಳುತ್ತಾರೆ. ಬೇರೆ ಯಾವ ಭಾಷೆಯಲ್ಲಿ ಎಣಿಸಿದರೂ ಅಲ್ಲಿ ಏಳುವುದಕ್ಕೆ ಕಾರಣವೇ ಇಲ್ಲ.

ಸಂದೀಪ ಆಗ ನನ್ನ ಜೋಡಿ. ನನ್ನನ್ನು ಎತ್ತಿ ಹಿಡಿಯುತ್ತಿದ್ದವನು. ಆಮೇಲೆ ಅವನ ಸೊಂಟವೂ ಹೋಯಿತು. ಕುಣಿಯಲಾಗದ ಇಬ್ಬರಲ್ಲಿ ಅವನು ಡೈರೆಕ್ಟರ್ ಆದ, ನನಗೆ "ಸಣ್ಣ ಮಕ್ಕಳ ಕ್ಲಾಸ್ ತಗೋ" ಎಂದ. ಬಿಟ್ಟು ಬಂದೆ. ಹಿಂದೆಯೇ ಬ್ಯಾಲೆಯನ್ನು ನುಂಗಿದ. ವೀಡಿಯೋ ಇಲ್ಲ, ಏನೂ ಇಲ್ಲ. ಹೆಜ್ಜೆ ಮೈಯಲ್ಲಿರುತ್ತದೆ, ಅದಕ್ಕೆ ಸಹಿ ಹಾಕುವುದು ಹೇಗೆ?

ಪೋಸ್ಟರ್ ನೋಡಿ ಅಪ್ಪ ಅಂದ: "ನಿನ್ನ ಹೆಸರ ಎಲ್ಲೈತಿ?"

"ಇಲ್ಲ."

"ಹಂಗಾರ ಅಷ್ಟ ವರ್ಷ ಏನ ಮಾಡಿದಿ ಅಲ್ಲಿ?"

ನನ್ನಪ್ಪ ಮಡಿವಾಳೆಪ್ಪನ ಮಾತು ಯಾವತ್ತೂ ಹೀಗೇ. ತಾಟು ಕುಕ್ಕಿ ಎದ್ದು ಹೋದೆ.

ನವೆಂಬರ್ 20

ಸಂದೀಪ ಫೋನ್ ಮಾಡಿದ್ದಾನೆ! ನಾಚಿಕೆ ಎಂಬುದು ಅವನ ಓಣಿಯಲ್ಲೂ ಹಾದಿಲ್ಲ. "ಮೀನಾ, ಲೋಕಲ್ ಟಚ್ ಬೇಕು. ನಿನ್ನ ಹುಡುಗಿಯರನ್ನು ಕೊಡು."

"ನನ್ನ ಬ್ಯಾಲೆ ತಗೊಂಡಿ. ಈಗ ಹುಡುಗಿಯರೂ ಬೇಕೋ?"

"ಹೆಜ್ಜೆ ಯಾರಪ್ಪನ ಆಸ್ತಿ ಅಲ್ಲ. ನೀನು ಬಿಟ್ಟು ಹೋದೆ, ನಾನು ಜೀವಂತ ಇಟ್ಟೆ."

ನಮ್ಮ ಜಗಳ ಯಾವಾಗಲೂ ಮರಾಠಿಯಲ್ಲಿ. ಕನ್ನಡಕ್ಕೆ ಇಳಿಸುವಾಗ ಕೆಲವು ಮಾತು ಬಿಟ್ಟಿದ್ದೇನೆ. ಹೆಸರು ಹಾಕು, ಹುಡುಗಿಯರನ್ನು ಕಳಿಸುತ್ತೇನೆ ಎಂದೆ. ನಕ್ಕ. ಕಟ್ ಮಾಡಿದೆ.

ನವೆಂಬರ್ 21

ಹುಡುಗಿಯರಿಗೆ ಗೊತ್ತಾಗಿದೆ. ಸಂದೀಪ ನೇರ ಮಹೇಕ್‌ಗೇ ಫೋನ್ ಮಾಡಿದನಂತೆ. ಚೆನ್ನಾಗಿ ಮಾಡಿದರೆ ಪುಣೆಗೆ ಕರೆದೊಯ್ಯುತ್ತೇನೆ ಎಂದಿದ್ದಾನೆ.

ಕ್ಲಾಸ್ ಮುಗಿದರೂ ಹೋಗದೆ ನಿಂತಳು. "ಮೇಡಂ, ನಾವು ಹೋಗ್ತೇವ್ರಿ."

"ಹೋಗೋದಿಲ್ಲ."

"ಅದು ನಿಮ್ಮ ಬ್ಯಾಲೆ ಅಂತ ನೀವಽ ಹೇಳ್ತೀರಿ. ನಾವು ಅದನ್ನ ನೋಡೇ ಇಲ್ಲ. ನೀವು ಕಲಸೂನೂ ಇಲ್ಲ. ಮಾಡಾಕ ಬಿಡೂನೂ ಇಲ್ಲ."

"ಕಳ್ಳನ ಕೈಯಾಗ ಕೊಡಲೇನ ನಿಮ್ಮನ್ನ?"

"ನಿಮ್ಮ ಸಿಟ್ಟಿಗೆ ನಮ್ಮ ಕಾಲ ಯಾಕ ಕಟ್ಟಿ ಹಾಕ್ತೀರಿ ಮೇಡಂ?"

ಹದಿನೇಳು ವರ್ಷದ ಪೋರಿ! ಬಾಗಿಲು ತೋರಿಸಿದೆ. ಮೆಟ್ಟಿಲು ದಡದಡ ಇಳಿದು ಹೋದಳು. ಉಳಿದವರೂ ಹಿಂದೆಯೇ. ಗೋಡೌನ್ ಖಾಲಿ. ಬಾರ್ ಹಿಡಿದು ಒಬ್ಬಳೇ ನಿಂತೆ. ಅತ್ತಿರಬೇಕು. ಸಿಟ್ಟಿಗೆ.

ಡಿಸೆಂಬರ್ 8

ಹುಡುಗಿಯರನ್ನು ಹೋಗಲು ಬಿಟ್ಟೆ. ಕಲಿಸದವಳು ತಡೆಯುವುದು ಯಾವ ನ್ಯಾಯ? ಮಹೇಕ್‌ಳ ಅಪ್ಪ ಸಾಜಿದ್ ತನ್ನ ಟಂಟಂ ಆಟೋದಲ್ಲಿ ದಿನಾ ಎಲ್ಲರನ್ನೂ ಕಿತ್ತೂರಿಗೆ ಒಯ್ಯುತ್ತಿದ್ದಾನೆ. ನನ್ನ ಜೊತೆ ಅವಳು ಮಾತಾಡುತ್ತಿಲ್ಲ. ನಾನೂ ಇಲ್ಲ.

ಇವತ್ತು ಸಂದೀಪನೇ ಇಲ್ಲಿಗೆ ಬಂದ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಯೇ ತಿಳಿಯಿತು — ಒಂದು ಕಾಲು ಗಟ್ಟಿ, ಒಂದು ಎಳೆತ. ಕಂಪನಿಯಲ್ಲಿ ಡೈರೆಕ್ಟರ್ ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲಬೇಕು, ಅದು ಬ್ಯಾಲೆಯ ರಿವಾಜು. ಹುಡುಗಿಯರು ಎದ್ದರು. ನಾನು ಕುರ್ಚಿ ಬಿಡಲಿಲ್ಲ.

"ನಿನಗಿನ್ನೂ ಶಿಸ್ತು ಬಂದಿಲ್ಲ."

"ನಿನಗಿನ್ನೂ ಮಾನ ಬಂದಿಲ್ಲ."

ಹುಡುಗಿಯರಿಗೆ ಮರಾಠಿ ಅರ್ಧಂಬರ್ಧ. ಇದು ಪೂರ್ತಿ ಅರ್ಥವಾಯಿತು. ಸುತ್ತ ನೋಡಿದ. ಬಾರ್ ಮುಟ್ಟಿದ, ಕೈಗೆ ತುಕ್ಕು ಹತ್ತಿತು, ಒರೆಸಿಕೊಂಡ. "ಇಲ್ಲಿ ನೀನು ಕೊಳೆಯುತ್ತಿದ್ದೀ ಮೀನಾ." ದಯೆ ತೋರಿಸುವ ದನಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಿಸೆಂಬರ್ 10

ಇವತ್ತು ಮಹೇಕ್ ತಾನಾಗಿ ಬಂದಳು. ನಗು ತಡೆಯಲಾಗದೆ ಬಂದಳು. ಹೇಳಲು ಬೇರೆ ಯಾರೂ ಸಿಗಲಿಲ್ಲವೇನೋ.

"ಮೇಡಂ, ನಾನು ಲಾಭ ಅಂದ್ನಿ. ಸಂದೀಪ ಸರ್ ಬೈದ್ರು. ಹಂಗಲ್ಲ, ಲಾ... ಬಾ... ಅನ್ನಬೇಕಂತ. ತುಟಿ ದುಂಡಗ ಮಾಡಬೇಕಂತ. ಅದು ಫ್ರೆಂಚಂತ್ರಿ!"

"ಏನು?"

"ಲಾ ಬಾ ಅಂದ್ರ ಫ್ರೆಂಚಿನ್ಯಾಗ ಅಲ್ಲಿ, ದೂರ ಅಂತ. ರೈತರು ದೂರ ಆಕಾಶದ ಅಂಚು ನೋಡ್ಕೋತ ಕುಂತಾರಂತ. ಪುಣೆದವರೆಲ್ಲಾ ಹಂಗಽ ಅಂತಾರ — ಲಾ ಬಾ, ದೋನ್, ತೀನ್, ಚಾರ್!"

ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಇಬ್ಬರೂ ನಕ್ಕೆವು. ಈಗ ತಿಳಿಯಿತು. ಆಗ ಸ್ಟುಡಿಯೋದಲ್ಲಿ ನಾನು ಲಾಭ ಲಾಭ ಎಂದು ಕೂಗುವಾಗ ಅದೇನು ಎಂದು ಒಬ್ಬರೂ ಕೇಳಲಿಲ್ಲ. ಬ್ಯಾಲೆಯಲ್ಲಿ ಅರ್ಥವಾಗದ ಶಬ್ದವೆಲ್ಲ ಫ್ರೆಂಚೇ. ಬೈಲಹೊಂಗಲದವಳ ಬಾಯಿಂದ ಬಂದರೂ ಫ್ರೆಂಚೇ!

"ಹೇಳಲೇನ್ರಿ ಅವರಿಗೆ?"

"ಏನೂ ಹೇಳಬ್ಯಾಡ. ತುಟಿ ದುಂಡಗ ಮಾಡು."

ಪುಣೆಯಲ್ಲಿ ಹೇಳಿಕೊಂಡು ತಿರುಗಲಿ, ದಿಲ್ಲಿಯಲ್ಲಿ ಹೇಳಲಿ. ಇದು ಕಿತ್ತೂರು. ಸುತ್ತ ಎಲ್ಲ ಕಣ ಮಾಡಿದ ಜನ.

ಡಿಸೆಂಬರ್ 22, ಭಾನುವಾರ

ನಿನ್ನೆ ಸಂಜೆ ಕಿತ್ತೂರಿನ ಪ್ರಯೋಗ ಆಯಿತು. ಒಂದೂ ಬಿಡದೆ ಬರೆಯುತ್ತೇನೆ.

ಅಪ್ಪನನ್ನು ಕರೆದೊಯ್ದಿದ್ದೆ. ಮೂರನೇ ಸಾಲು. ಹಾಲ್ ಭರ್ತಿ. ಚಚಡಿ, ಮುರಗೋಡ, ಸವದತ್ತಿ ಕಡೆಯ ಜನರೆಲ್ಲ, ಹುಡುಗಿಯರ ಮನೆಯವರೆಲ್ಲ. ಹತ್ತೇ ನಿಮಿಷಕ್ಕೆ ಅಪ್ಪನಿಗೆ ಜೊಂಪು. ರಂಗದ ಮೇಲೆ ನನ್ನ ಹೆಜ್ಜೆ. ಒಂದೊಂದೂ ನನ್ನದು. ಸಂದೀಪ ಕೆಡಿಸಿರಲಿಲ್ಲ, ಅದೇ ಇನ್ನೂ ಸಂಕಟ. ಚೆನ್ನಾಗಿ ಇಟ್ಟುಕೊಂಡಿದ್ದ, ಕದ್ದ ಒಡವೆಯನ್ನು ದಿನಾ ಉಜ್ಜಿ ಇಟ್ಟ ಹಾಗೆ. ಮಹೇಕ್ ಮುಂದೆ ಬಂದಳು. ಅವಳ ಪಾದ! ನಾನು ಕಲಿಸಿದ್ದು. ಇಲ್ಲಿ ಬರೆಯಬಹುದು, ಅವಳು ಓದುವುದಿಲ್ಲ.

ಸಂಗೀತ ನಿಂತಿತು. ಎಲ್ಲರೂ ಕುಕ್ಕರಗಾಲಲ್ಲಿ ಕೂತರು. ಪುಣೆಯವರು ತುಟಿ ದುಂಡಗೆ ಮಾಡಿ ಗಟ್ಟಿಯಾಗಿ —

"ಲಾ ಬಾ!"

"ಎರಡು!" ಎಂದ ಅಪ್ಪ.

ನಿದ್ದೆಗಣ್ಣಲ್ಲಿ, ಹಳೇ ಚಾಳಿಯಿಂದ. ಪೇಟೆಯಲ್ಲಿ ಅಳೆಯುವವನು ಲಾಭ ಎಂದರೆ ಚೀಲ ಹಿಡಿದವನು ಮುಂದಿನ ಎಣಿಕೆ ಹೇಳಬೇಕು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ "ಮೂರು!" ಎಂದರು. ಆಮೇಲೆ ಇಡೀ ಹಾಲ್. ನಾಕು! ಐದು! ಆರು! ಪುಣೆಯವರ ಚಾರ್ ಪಾಚ್ ಎಲ್ಲ ಕೊಚ್ಚಿಹೋಯಿತು.

"ಏಳು!"

ರಂಗದ ಮೇಲೆ ಎಲ್ಲರೂ ಎದ್ದರು.

ಹಾಲ್ ಸಿಡಿಯಿತು. ಏಳು ಅಂದರು, ಎದ್ದರು! ಸೀಟಿ, ಚಪ್ಪಾಳೆ. ಆ ಭಾಗ ಮತ್ತೆರಡು ಸಲ ಬರುತ್ತದೆ. ಎರಡೂ ಸಲ ಜನರೇ ಎಣಿಸಿದರು. ಬ್ಯಾಲೆ ಎಂದರೆ ಏನೆಂದು ನೋಡಲು ಬಂದವರು ತಮ್ಮದೇ ಎಂಬಂತೆ ಕುಣಿಸಿದರು.

ಮುಗಿದ ಮೇಲೆ ನಿರೂಪಣೆಯ ಭರಮಪ್ಪ ಮಾಸ್ತರ ಸಂದೀಪನ ಕೈಗೆ ಮೈಕ್ ಕೊಟ್ಟ. "ಸರ್, ನಮ್ಮ ಕಣದ ಲಾಭ ನಿಮಗ ಎಲ್ಲಿ ಸಿಕ್ತು ಹೇಳ್ರಿ." ಸಂದೀಪನಿಗೆ ಕನ್ನಡ ಬರುವುದಿಲ್ಲ. ಪ್ರಶ್ನೆಯಲ್ಲಿ ಲಾಭ ಎಂಬುದಷ್ಟೇ ಕೇಳಿತು. ಹಿಂದಿಯಲ್ಲಿ ಶುರು ಮಾಡಿದ — ಲಾ ಬಾ ಎಂಬುದು ಫ್ರೆಂಚ್ ಪದ, ದೂರದ ಅಂಚು, ರೈತನ ಕನಸು...

ಮೊದಲು ಯಾರೂ ನಗಲಿಲ್ಲ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ನಿಜವಾಗಿ ಹೇಳುತ್ತಿದ್ದಾನೆ ಎಂದು ತಿಳಿದಾಗ ನಕ್ಕ ನಗು, ದೇವರೇ, ಸಾಯುವವರೆಗೆ ಮರೆಯುವುದಿಲ್ಲ. ಅವನು ಮೈಕ್ ಹಿಡಿದು ನಿಂತೇ ಇದ್ದ.

ಮಹೇಕ್ ಸಾಲಿನಿಂದ ಮುಂದೆ ಬಂದಳು. ಮೈಕ್ ಬೇಕಿರಲಿಲ್ಲ ಅವಳಿಗೆ. "ಅದು ಫ್ರೆಂಚ್ ಅಲ್ರಿ! ನಮ್ಮ ಮೇಡಂ ಎಣಿಕಿ. ಈ ಡ್ಯಾನ್ಸ್ ಕಟ್ಟಿದವರು ಅವರಽ. ಅಲ್ಲಿ ಕುಂತಾರ ನೋಡ್ರಿ!"

ಎಲ್ಲ ತಲೆಗಳೂ ಇತ್ತ ತಿರುಗಿದವು. "ಏಳ್ರಿ ಮೇಡಂ! ಏಳ್ರಿ!"

ಏಳಲಿಲ್ಲ. ಮೊಣಕಾಲು ಹಿಡಿದಿತ್ತು ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಸುಳ್ಳು. ಅವನ ಹೆಸರಿನ ಪೋಸ್ಟರ್ ಕೆಳಗೆ ಎದ್ದು ಕೈಮುಗಿದರೆ ನಾನೂ ಲೋಕಲ್ ಟಚ್ ಆಗುತ್ತಿದ್ದೆ.

ಟಂಟಂನಲ್ಲಿ ಬರುವಾಗ ಅಪ್ಪ, "ಲಾಭ ಅಂತ ಕಲಿಸಿದಾಂವ ನಾನು. ನನ್ನ ಹೆಸರೂ ಹಾಕಂತ ಹೇಳಾಕಿ ಏನ ಮತ್ತ?" ಎಂದ. ಮಡಿವಾಳೆಪ್ಪ ಬದಲಾಗುವವನಲ್ಲ. ಆದರೆ ನಕ್ಕಿದ್ದ.

ಡಿಸೆಂಬರ್ 23

ಮಹೇಕ್‌ಳನ್ನು ಸಂದೀಪ ರಾಮದುರ್ಗದ ಪ್ರಯೋಗದಿಂದ ತೆಗೆದಿದ್ದಾನೆ. ಪುಣೆಯ ಮಾತಂತೂ ಮುಗಿಯಿತು. ಅಳಲಿಲ್ಲ ಹುಡುಗಿ. ಬಾರ್ ಹಿಡಿದು ಪ್ಲಿಯೇ ಮಾಡುತ್ತಲೇ ಇದ್ದಳು, ಮೊಣಕಾಲು ಮಡಿಸುವುದು, ಬಿಡಿಸುವುದು, ಸಾಕು ಎಂದರೂ ನಿಲ್ಲಿಸಲಿಲ್ಲ.

ನನ್ನಿಂದ ಆದದ್ದು. ತುಟಿ ದುಂಡಗೆ ಮಾಡು ಎಂದವಳು ನಾನು.

ಡಿಸೆಂಬರ್ 24, ಬೆಳಿಗ್ಗೆ

ಫೋನ್. ಅವನೇ. ರಾಮದುರ್ಗದ ಸಂಘಟಕರು ಹಟ ಹಿಡಿದಿದ್ದಾರಂತೆ — "ಲಾಭದ ಡ್ಯಾನ್ಸ್ ಕಟ್ಟಿದ ಮೇಡಂ ಅವರ್ನ ಕರಕೊಂಡು ಬರ್ರಿ, ಇಲ್ಲಾಂದ್ರ ನೀವೂ ಬರಬ್ಯಾಡ್ರಿ." ಕಿತ್ತೂರಿನ ವೀಡಿಯೋ ಎಲ್ಲರ ಮೊಬೈಲಿನಲ್ಲೂ ಇದೆ. ಫ್ರೆಂಚ್ ಭಾಷಣ ಸಮೇತ.

"ಸಹಕಾರ: ಮೀನಾ ಅಂತ ಹಾಕುತ್ತೇನೆ."

ಕಟ್ ಮಾಡಿದೆ.

ಮತ್ತೆ ಫೋನ್. "ಪರಿಕಲ್ಪನೆ: ಮೀನಾ."

ಕಟ್.

ಮೂರನೇ ಸಲ ನಾನೇ ಹೇಳಿದೆ. "ಬ್ಯಾಲೆಯ ಹೆಸರು ಕಣ. ನೃತ್ಯ ಸಂಯೋಜನೆ: ಮೀನಾ. ಆ ಸಾಲಿನಲ್ಲಿ ನಿನ್ನ ಹೆಸರು ಇರಕೂಡದು. ಮಹೇಕ್ ಮುಂದಿನ ಸಾಲಿನಲ್ಲಿ, ಪುಣೆಯಲ್ಲೂ. ಪೋಸ್ಟರ್ ಮಾಡಿಸಿಕೊಂಡು ನೀನೇ ತಗೊಂಡು ಬಾ."

"ನಿನಗೆ ಅಹಂಕಾರ ಬಹಳ."

"ನಿನ್ನಿಂದಲೇ ಕಲಿತದ್ದು." ಇದನ್ನು ಮಾತ್ರ ಕನ್ನಡದಲ್ಲಿ ಹೇಳಿದೆ. ಅರ್ಥ ಹುಡುಕಿಕೊಳ್ಳಲಿ.

ಸಂಜೆ, ಕ್ಲಾಸಿನಲ್ಲಿ

ಕೆಳಗೆ ಕಾರು ನಿಂತಿತು. ಮಹೇಕ್ ಕಿಟಕಿಯಲ್ಲಿದ್ದಾಳೆ.

"ಬಂದ್ರು ಮೇಡಂ. ಕೈಯಾಗ ಪೋಸ್ಟರ್ ಐತ್ರಿ."

"ಹೆಸರ ಕಾಣತೈತೇನ?"

"ಸುರಳಿ ಸುತ್ಯಾರ್ರಿ."

ಸರಿ. ಹುಡುಗಿಯರಿಗೆ ಹೇಳಿದ್ದೇನೆ, ಯಾರೂ ಎದ್ದು ನಿಲ್ಲಕೂಡದು. ನೆಲದ ಮೇಲೆ ಕೂತಿದ್ದಾರೆ, ಬೆನ್ನು ನೆಟ್ಟಗೆ, ಇವತ್ತಾದರೂ. ನಾನು ಕುರ್ಚಿಯಲ್ಲಿ. ತೊಡೆಯ ಮೇಲೆ ಈ ಪುಸ್ತಕ. ಬರೆಯುತ್ತಿರುವ ಹಾಗೇ ನೋಡಲಿ.

ಮೆಟ್ಟಿಲಿಗೆ ಬಂದ. ಒಂದು ಕಾಲು ಗಟ್ಟಿ, ಒಂದು ಎಳೆತ. ಕೈಕೊಟ್ಟು ಹತ್ತಿಸಲು ಯಾರೂ ಹೋಗಲಿಲ್ಲ. ಹತ್ತಲಿ, ಏಳೂ ಮೆಟ್ಟಿಲು. ಹುಡುಗಿಯರು ಅವನ ಒಂದೊಂದು ಮೆಟ್ಟಿಲಿಗೂ ಸಣ್ಣ ದನಿಯಲ್ಲಿ ಎಣಿಕೆ ಶುರು ಮಾಡಿಬಿಟ್ಟಿದ್ದಾರೆ. ಬೈಯಬೇಕಿತ್ತು. ಬೈಯುವುದಿಲ್ಲ.

ಲಾಭ.

ಎರಡು. ಮೂರು.

ನಿಂತ. ಉಸಿರು ಕೇಳುತ್ತಿದೆ. ನಾಕು. ಐದು.

ಆರು —