ಎಂಜಿನ್ ಕೆಟ್ಟದ್ದು ನನ್ನ ಕೈಯಿಂದಲ್ಲ

ಸಿರುಗುಪ್ಪ,
ತಾ. ೯-೧೨-೧೯೭೪, ಸೋಮವಾರ

ಮದ್ರಾಸಿನಲ್ಲಿ ಮುಖ ಮರೆಸಿಕೊಂಡು ಕೂತಿರುವ ಅಳಿಯ ಚಿ. ಕೊಟ್ರಬಸಪ್ಪನಿಗೆ, ಸಿರುಗುಪ್ಪದಲ್ಲಿ ತಲೆ ಎತ್ತಿಕೊಂಡೇ ತಿರುಗುವ ನಿನ್ನ ಸೋದರಮಾವ ತಿಪ್ಪೇರುದ್ರಪ್ಪನ ಆಶೀರ್ವಾದ.

ಮೊದಲು ಕ್ಷೇಮದ ಮಾತು, ಜಗಳ ಆಮೇಲೆ. ಅಲ್ಲಿಯ ಉಪ್ಪು ನೀರು ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಮುಂಜಾನೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನವಂತೆ. ಜೋಳದ ರೊಟ್ಟಿ ತಿಂದು ಬೆಳೆದ ಮೈ ಅದನ್ನು ಎಷ್ಟು ದಿನ ತಡೆದೀತು? ಚಳಿಗೆ ನಿನಗೆ ಬರುವ ಒಣ ಕೆಮ್ಮು ಬಂತೇ? ಬಂದಿದ್ದರೆ ಬಿಸಿನೀರಿಗೆ ಮೆಣಸು ಹಾಕಿ ಕುಡಿ. ಇಲ್ಲಿ ನಿನ್ನ ಅತ್ತೆ ಕೊಟ್ರಮ್ಮ ಚೆನ್ನಾಗಿದ್ದಾಳೆ, ನನ್ನನ್ನು ಬೈಯುವಷ್ಟು ಶಕ್ತಿ ಇದೆ. ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ನಿಮ್ಮಪ್ಪ ಹತ್ತಿ ವ್ಯಾಪಾರದಲ್ಲಿ ಸುಖವಾಗಿದ್ದಾರೆ. ನಿಮ್ಮವ್ವ, ನನ್ನ ಅಕ್ಕ ಚನ್ನವೀರಮ್ಮ, ಊಟ ಕಡಿಮೆ ಮಾಡಿದ್ದಾಳೆ. ಯಾಕೆಂದು ನಿನಗೂ ಗೊತ್ತು. ಕ್ಷೇಮವಿಲ್ಲದವನು ನಾನೊಬ್ಬನೇ, ಅದಕ್ಕೆ ಕಾರಣ ನಿನ್ನ ಕಾರ್ಡು.

ಅಲ್ಲವೋ ಮಹಾರಾಯ, ನಿಮ್ಮಪ್ಪ ಮಾರಿಸ್ ಮೈನರ್ ಕಾರನ್ನು ಮಾರುತ್ತೇನೆಂದು ಕುಳಿತಿದ್ದಾರೆ, ಸಂಕ್ರಾಂತಿಯೊಳಗೆ ಮಗ ಬಂದು ಓಡಿಸದಿದ್ದರೆ ಕುರುಗೋಡಿನ ಬಾಡಿಗೆ ಕಾರಿನವನಿಗೆ ಕೊಟ್ಟುಬಿಡುತ್ತಾರಂತೆ, ಏನು ಮಾಡಲಿ ಎಂದು ಕೇಳಿ ನಾನು ಮರ್ಯಾದೆಯಿಂದ ಕವರು ಬರೆದೆ. ನೀನು ಉತ್ತರ ಬರೆದದ್ದು ಕಾರ್ಡಿನಲ್ಲಿ! ಬೈಯುವುದಿದ್ದರೆ ಕವರಿನಲ್ಲಿ ಬೈಯಬೇಕು, ಅದೊಂದು ರಿವಾಜು. ನಮ್ಮ ಅಂಚೆಯ ಗಾದೆಪ್ಪನಿಗೆ ಕಾರ್ಡು ಓದದೆ ಕೊಟ್ಟರೆ ಉಂಡದ್ದು ಅರಗುವುದಿಲ್ಲ. ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನ ಮುಂದೆ ಸೈಕಲ್ಲಿನಿಂದ ಇಳಿಯದೆಯೇ ಕೂಗಿದ: "ಮೇಸ್ತ್ರೀ, ನಿಮ್ಮ ಅಳಿಯ ಏನ್ ಬರದಾನ ಕೇಳ್ರಿ! 'ಮಾವಾ, ನಿನ್ನ ಕೈ ಗದ್ದಿ ಪಂಪಿಗೇ ಸರಿ. ಎಂಜಿನ್ ಗುಜರಿಗಿ ಹಾಕು. ನಾ ಬರಂಗಿಲ್ಲ.'" ಹಮಾಲರು ಗ್ಲಾಸು ಕೆಳಗಿಟ್ಟು ನಕ್ಕರು. ಹೋಟೆಲಿನವನು ನಗಲಿಲ್ಲ, ಆದರೆ ಅವನ ಹೊಟ್ಟೆ ಕುಣಿಯುತ್ತಿದ್ದುದನ್ನು ನಾನು ಕಂಡೆ.

ಗದ್ದೆ ಪಂಪಿಗೇ ಸರಿಯಂತೆ! ತೆಕ್ಕಲಕೋಟೆಯಿಂದ ಕರೂರಿನವರೆಗೆ ಯಾವ ಪಂಪು ಕೆಮ್ಮಿದರೂ ಜನ ಯಾರ ಶೆಡ್ಡಿಗೆ ಬರುತ್ತಾರೆ? ನಾನು ಕಲಿತದ್ದು ಕರೂರಿನ ಸಾಲೆಯಲ್ಲಿ, ಅದೂ ಅರ್ಧಂಬರ್ಧ. ಮೇಷ್ಟರು ಮಗ್ಗಿ ಕೇಳುವಾಗ ನಾನು ಅಕ್ಕಿ ಗಿರಣಿಯ ಎಂಜಿನ್ ಎಲ್ಲಿ ತಾಳ ತಪ್ಪುತ್ತಿದೆ ಎಂದು ಕೇಳಿಸಿಕೊಳ್ಳುತ್ತಿದ್ದೆ. ಆ ಕಿವಿಯಿಂದಲೇ ನಿನ್ನ ಮಾರಿಸ್ ಕಾರಿಗೆ ಎರಡನೆಯ ಜನ್ಮ ಬಂದದ್ದು. ಮುದಿ ಡಾಕ್ಟರೊಬ್ಬರು ಓಡಿಸಿ ಸಾಕಾಗಿ ಮಾರಿದ ಕಾರು ಅದು, ಎಮ್ಮೆಯ ಹಿಂದೆ ಹೋಗುವುದಕ್ಕೂ ಏದುಸಿರು ಬಿಡುತ್ತಿತ್ತು. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು ಕೂಡಿಸಿದವನು ಯಾರು? ಎಂಜಿನ್ನಿನ ಹೆಡ್ಡನ್ನು ಲೇತಿನಲ್ಲಿ ಕೂದಲೆಳೆಯಷ್ಟು ಹೆರೆಸಿ ಒತ್ತಡ ಏರಿಸಿದವನು ಯಾರು? ಸಿರುಗುಪ್ಪದ ಎಕ್ಸ್‌ಪ್ರೆಸ್ ಬಸ್ಸನ್ನು ಹಿಂದೆ ಹಾಕಿದ ದಿನ ನೀನು ಕುಣಿದು "ಮಾವಾ, ನೀ ಮನಷ್ಯಾ ಅಲ್ಲೋ, ದೇವ್ರು" ಅಂದೆ. ಆ ಮಾತನ್ನು ಕಾರ್ಡಿನಲ್ಲಿ ಯಾಕೆ ಬರೆಯಲಿಲ್ಲ? ಗಾದೆಪ್ಪ ಅದನ್ನೂ ಓದುತ್ತಿದ್ದನಲ್ಲ?

ಸರಿ, ಫೆಬ್ರವರಿಯಲ್ಲಿ ಮದ್ರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲಿ ಎಂಜಿನ್ ನಿಂತಿತು, ಒಪ್ಪಿದೆ. ಎರಡು ಸುತ್ತು ಗಾಳಿಯಂತೆ ಹೋದ ಕಾರು ಮೂರನೆಯ ಸುತ್ತಿನಲ್ಲಿ ಕಿರ್ರನೆ ಅರಚಿ, ಒಳಗೇ ಬಿಗಿದುಕೊಂಡು, ಎಲ್ಲರೆದುರು ನಿಂತುಬಿಟ್ಟಿತು. ನಿನಗೆ ಅವಮಾನವಾಯಿತು. ನನಗೇನು ಸನ್ಮಾನವಾಯಿತೇ? ನೀನು ತಲೆಯ ಟೋಪಿ ಕಿತ್ತೆಸೆದು "ನನ್ನ ಮಾನ ಕಳದಿ ಮಾವಾ" ಎಂದು ತಮಿಳರ ಮುಂದೆ ಕನ್ನಡದಲ್ಲಿ ಕೂಗಿ, ಅಲ್ಲಿಂದಲೇ ಗೆಳೆಯನ ರೂಮಿಗೆ ಹೋದವನು ತಿರುಗಿ ಊರ ಮುಖ ನೋಡಲಿಲ್ಲ, ಅಲ್ಲೇ ಯಾವುದೋ ಕಾರಖಾನೆ ಸೇರಿಕೊಂಡೆ. ಕಾರನ್ನು ತಂದವನು ಯಾರು? ಅಕ್ಕಿ ಇಳಿಸಿ ಬರಿದಾಗಿ ವಾಪಸಾಗುತ್ತಿದ್ದ ಲಾರಿಯ ಮೇಲೆ ಅದನ್ನು ಹಗ್ಗ ಹಾಕಿ ಕಟ್ಟಿ, ಅದರೊಳಗೆ ಸ್ಟೇರಿಂಗ್ ಹಿಡಿದು ಕೂತು ಬಂದೆ. ಯಾಕೆ ಹಿಡಿದಿದ್ದೆನೋ, ಬಿಟ್ಟಿದ್ದರೂ ಅದೇನು ಬೇರೆ ಕಡೆ ತಿರುಗುತ್ತಿರಲಿಲ್ಲ. ಸಿರುಗುಪ್ಪದ ಜನ ಏನೆಂದರು ಗೊತ್ತೇ? "ಮೇಸ್ತ್ರಿ ರೇಸ್ ಗೆದ್ದು ಬಂದ್ರು ನೋಡ್ರೋ, ಲಾರಿ ಮ್ಯಾಲೆ ಮೆರವಣಿಗಿ!"

ಆ ಸಿಟ್ಟಿಗೆ ಕಾರಿನ ಮೇಲೆ ತಾಡಪತ್ರಿ ಎಳೆದು ಬಿಟ್ಟಿದ್ದೆ. ನಿನ್ನ ಕಾರ್ಡು ಬಂದ ದಿನ ಅದನ್ನು ಕಿತ್ತೆಸೆದೆ. ನನ್ನ ಕೈಯಿಂದ ಏನು ತಪ್ಪಾಗಿದೆ ನೋಡಿಯೇ ಬಿಡೋಣ ಎಂದು ಎಂಜಿನ್ ಇಳಿಸಿ, ತಳದ ಎಣ್ಣೆ ಚೇಂಬರು ಬಿಚ್ಚಿದೆ. ಬಿಚ್ಚಿದವನು ಹಾಗೇ ಕುಕ್ಕರುಗಾಲಲ್ಲಿ ಕೂತೆ. ಅಂಬಲಿ ಆರಿ ಗಟ್ಟಿಯಾದಂತೆ ಬೂದು ಬಣ್ಣದ ರಾಡಿ. ಎಣ್ಣೆ ಹೀರುವ ಜಾಲರಿಗೆ ಅದು ಗೋಡೆಯ ಗಿಲಾಯದ ಹಾಗೆ ಮೆತ್ತಿಕೊಂಡಿತ್ತು. ರಸ್ತೆಯ ಮೆಲ್ಲನೆಯ ಓಟಕ್ಕೆ ಹೇಗೋ ತಡೆದಿದೆ, ರೇಸಿನ ವೇಗಕ್ಕೆ ಎಣ್ಣೆ ಮೇಲೆ ಏರಿಲ್ಲ, ಬೇರಿಂಗು ಸುಟ್ಟಿವೆ, ಕ್ರ್ಯಾಂಕು ಹಿಡಿದುಕೊಂಡಿದೆ. ಯಾವನೋ ಹೊಟ್ಟೆಕಿಚ್ಚಿನವನು ಮಣ್ಣು ಹಾಕಿದ್ದಾನೆ ಎಂದುಕೊಂಡೆ. ಬಳ್ಳಾರಿಯ ಮೆಕ್ಯಾನಿಕ್ಕುಗಳನ್ನೆಲ್ಲ ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈದೆ. ಅವರ ಗುರುಗಳನ್ನೂ ಬೈದೆ. ಬೈಯುತ್ತಲೇ ಆ ರಾಡಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಟ್ಟೆ. ಒಣಗಿದ ಮೇಲೆ ಅಂಗೈಯಲ್ಲಿ ನುಣ್ಣನೆಯ ಬಿಳಿ ಪುಡಿ ಉಳಿಯಿತು. ಬೆರಳಿನಿಂದ ತಿಕ್ಕಿದೆ ನೋಡು, ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು. ಹುಟ್ಟಿದಾಗಿನಿಂದ ಹಚ್ಚಿಕೊಂಡದ್ದನ್ನು ಕೈ ಗುರುತಿಸದೆ ಇದ್ದೀತೇ? ಅದು ವಿಭೂತಿ.

ಅಂಥ ಕೆಲಸ ಮಾಡುವವಳು ನಮ್ಮ ಮನೆಯಲ್ಲಿ ಒಬ್ಬಳೇ. ಮದ್ರಾಸಿಗೆ ಹೊರಡುವ ಹಿಂದಿನ ಸಂಜೆ ನಿಮ್ಮವ್ವ ನನ್ನನ್ನು ಕೇಳಿದ್ದಳು: "ತಮ್ಮಾ, ಇದರ ಜೀವ ಎಲ್ಲೈತೋ?" ನಾನು ಬಾನೆಟ್ ಎತ್ತಿ ಎಣ್ಣೆ ಹಾಕುವ ಮುಚ್ಚಳ ತೆಗೆದು ತೋರಿಸಿದ್ದೆ: "ಇಲ್ಲೈತಿ ನೋಡಕ್ಕಾ. ಈ ಎಣ್ಣೀನ ಇದರ ಜೀವ." ತೋರಿಸಿದ್ದು ನಾನೇ, ನಿಜ. ಕೇಳಿದವರಿಗೆ ಗೊತ್ತಿದ್ದದ್ದು ಹೇಳುವುದೂ ಅಪರಾಧವೇ? ಮರುದಿನ ಮುಂಜಾನೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು, ಕಾಯಿ ಒಡೆದಳು, ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಚಹಾ ಕುಡಿಯಲು ಒಳಗೆ ಹೋಗಿದ್ದೆ. ಜೀವ ಎಲ್ಲಿದೆಯೋ ಅಲ್ಲಿಗೇ ರಕ್ಷೆ ಹಾಕಿದ್ದಾಳೆ ಪುಣ್ಯಾತಗಿತ್ತಿ, ತೀರ್ಥದಲ್ಲಿ ಕಲಸಿ.

ಈಗ ಹೇಳು, ನಾನೇನು ಮಾಡಬೇಕಿತ್ತು? ಕೂಡಲೇ ಬಳ್ಳಾರಿ ಬಸ್ಸು ಹತ್ತಿದೆ. ಪಾರ್ವತಿನಗರದ ಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಯಾರ ಕೈ ಸರಿ, ಯಾರ ಕೈ ತಪ್ಪು ಎಂದು ಪಂಚಾಯ್ತಿ ಮಾಡುವವನಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಬಲು ಚೆಂದ ಬಂದಿದ್ದವು. ನಿಮ್ಮಪ್ಪ ಪಡಸಾಲೆಯಲ್ಲಿ ಕೂತು, "ಏನಪಾ ಮೇಸ್ತ್ರಿ, ರೋಗ ಸಿಕ್ತೇನು?" ಎಂದರು. ಅವರ ಹಿಂದೆ ಬಾಗಿಲ ಚೌಕಟ್ಟು ಹಿಡಿದು ಅಕ್ಕ ನಿಂತಿದ್ದಳು. ನೀನು ಮನೆ ಬಿಟ್ಟದ್ದಕ್ಕೆ ಕಾರಣ ಈಗ ತಿಳಿಯುತ್ತದೆ ಎಂಬಂತೆ ನನ್ನ ಬಾಯನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ. ಹೊರಗೆ ಬಂದ ಮಾತು ಬೇರೆ: "ನಾನೇ ಒಂದು ಬೋಲ್ಟ್ ಬಿಗಿ ಮಾಡೋದು ಮರ್ತಿದ್ದೆ." ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ನಿಮ್ಮಪ್ಪ ಮೂರು ಊರಿಗೆ ಕೇಳುವಂತೆ ನಕ್ಕರು: "ನಾ ಆವತ್ತ ಹೇಳಿದ್ದೆ! ಬಾಯಿ ಬಿಗಿ ಇಲ್ಲದವನ ಬೋಲ್ಟು ಹೆಂಗ ಬಿಗಿ ಇರ್ತಾವು?"

ಮಾತು ನನಗಿಂತ ಮೊದಲು ಸಿರುಗುಪ್ಪ ಮುಟ್ಟಿತ್ತು. ಈಗ ನನ್ನ ಗತಿ ನೋಡು. ಪಂಪು ರಿಪೇರಿ ಮಾಡಿ ಕೊಟ್ಟರೆ, ನನ್ನ ಮುಂದೆ ಚಿಕ್ಕ ಹುಡುಗರಾಗಿ ಚೊಣ್ಣದಲ್ಲಿ ಓಡಾಡುತ್ತಿದ್ದವರು ಬಗ್ಗಿ ನೋಡಿ, "ಮೇಸ್ತ್ರಿ, ಎಲ್ಲಾ ಬೋಲ್ಟು ಬಿಗಿ ಮಾಡೀರೇನ್ರಿ?" ಎಂದು ಕೇಳುತ್ತಾರೆ. ನನ್ನನ್ನು! ನಾನು ಬಿಗಿ ಮಾಡಿದ ಬೋಲ್ಟು ಬಿಚ್ಚಬೇಕಾದರೆ ನಾನೇ ಬರಬೇಕು, ಬೇರೆಯವರ ಪಾನಾ ತಿರುಗುವುದಿಲ್ಲ. ಇದನ್ನು ಹೇಳುವಂತಿಲ್ಲ, ಹೇಳದೆ ಇರುವಂತಿಲ್ಲ. ರಾತ್ರಿ ಹೊರಳಾಡುತ್ತಿದ್ದರೆ ನಿನ್ನ ಅತ್ತೆ "ಹೊಟ್ಟಿ ನೋವೇನ್ರಿ?" ಎನ್ನುತ್ತಾಳೆ. ಹೊಟ್ಟೆಯೇ, ಇನ್ನೇನು.

ಆ ಸಿಟ್ಟೆಲ್ಲ ಎಂಜಿನ್ನಿಗೆ ಹಾಕಿದ್ದೇನೆ. ಕ್ರ್ಯಾಂಕನ್ನು ಬಳ್ಳಾರಿಯ ಮಾರೆಣ್ಣನ ಲೇತಿನಲ್ಲಿ ಕಡೆಸಿದೆ. ಅವನ ತಲೆಯ ಮೇಲೆಯೇ ನಿಂತಿದ್ದೆ, "ನೀವು ಹೊರಗ ಹೋದ್ರ ಮಾತ್ರ ಮಿಷನ್ ಚಾಲೂ ಮಾಡ್ತೀನಿ" ಎನ್ನುವವರೆಗೆ. ಸಿಲಿಂಡರಿನ ಬೋರು ದೊಡ್ಡದು ಮಾಡಿಸಿ ಹೊಸ ಪಿಸ್ಟನ್ ಹಾಕಿದೆ. ನಾಲ್ಕೂ ಪಿಸ್ಟನ್ ಒಂದೇ ತೂಕ ಇರದಿದ್ದರೆ ಜೋರು ಓಟದಲ್ಲಿ ಎಂಜಿನ್ ನಡುಗುತ್ತದಲ್ಲ, ಅದಕ್ಕೆ ಅಕ್ಕಸಾಲಿಗರ ಅಂಗಡಿಗೆ ಒಯ್ದು ಬಂಗಾರ ತೂಗುವ ತಕ್ಕಡಿಯಲ್ಲಿ ತೂಗಿ, ಹೆಚ್ಚಿದ್ದದ್ದನ್ನು ಒಳಗಿನಿಂದ ಅರದಲ್ಲಿ ಉಜ್ಜಿ ಸರಿಮಾಡಿದೆ. ಗುಲಗಂಜಿಯ ವ್ಯತ್ಯಾಸವೂ ಇಲ್ಲ. ತಾಳಿ ಮಾಡಿಸಲು ಬಂದಿದ್ದ ಹೆಣ್ಣುಮಕ್ಕಳು "ಇದ್ಯಾವ ದೇವರ ಆಭರಣರೀ?" ಎಂದು ಕೇಳಿದರು. ಗಾಳಿ ಹೋಗುವ ದಾರಿಗಳನ್ನು ಎಮರಿ ಕಾಗದದಲ್ಲಿ ತಿಕ್ಕಿ ಕನ್ನಡಿ ಮಾಡಿದ್ದೇನೆ. ಎಣ್ಣೆ ಹೋಗುವ ಒಂದೊಂದು ತೂತಿಗೂ ಬಿಸಿನೀರು ಹೊಯ್ದು, ಬಟ್ಟೆ ಎಳೆದು, ಮತ್ತೆ ತೊಳೆದೆ. ಆ ಬಟ್ಟೆ ನಿನ್ನ ಅತ್ತೆಯ ಸೀರೆಯದು, ಆ ಜಗಳ ಬೇರೆ ನಡೆದಿದೆ.

ಹೊಸ ಎಂಜಿನ್ನನ್ನು ಮೊದಲು ಮೆಲ್ಲಗೆ ಪಳಗಿಸಬೇಕಲ್ಲ. ತೆಕ್ಕಲಕೋಟೆಗೆ ಹೋಗುವುದು, ಬರುವುದು, ಭತ್ತದ ಚಕ್ಕಡಿಗಳೇ ನನ್ನನ್ನು ದಾಟಿ ಹೋಗುತ್ತಿದ್ದವು. "ಮೇಸ್ತ್ರಿ, ಹಗ್ಗ ಕಟ್ಟಿ ಎಳೀಲೇನ್ರಿ?" ಎಂದು ಕೇಳಿಸಿಕೊಂಡೆ, ಹಲ್ಲು ಕಚ್ಚಿದೆ. ನಿನ್ನೆ ಭಾನುವಾರ ಕುರುಗೋಡಿನ ಕಡೆ ಬಿಟ್ಟೆ. ಗುಡ್ಡದ ಬಂಡೆಗಳ ಪಕ್ಕದ ಏರಿನಲ್ಲಿ ಪೂರ್ತಿ ಒತ್ತಿದೆ. ಕೊಟ್ರಬಸಪ್ಪಾ, ಏನು ಹೇಳಲಿ! ಎರಡೂ ಕಾರ್ಬುರೇಟರ್ ಒಟ್ಟಿಗೆ ಬಾಯಿ ತೆರೆದವು, ಸದ್ದು ಬಂಡೆಗೆ ಬಡಿದು ವಾಪಸು ಬಂತು, ಬೆನ್ನು ಸೀಟಿಗೆ ಅಂಟಿತು. ಎದುರಿನ ಬಸ್ಸಿನ ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ ಬಂದು ನೋಡಿದ. ಆದರೆ ಮುಂದೆ ತಿರುವು ಬಂತು, ನಾನು ಬ್ರೇಕು ಒತ್ತಿದೆ. ನನಗೆ ಎಂಜಿನ್ ಕಟ್ಟಲು ಬರುತ್ತದೆ. ಆ ತಿರುವನ್ನು ಆ ವೇಗದಲ್ಲಿ ತೆಗೆದುಕೊಳ್ಳಲು ಬರುವುದಿಲ್ಲ. ಅದು ಬರುವುದು ನಿನಗೆ. ಈ ವಾಕ್ಯ ಬರೆಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಲಾರೆ.

ಆದ್ದರಿಂದ ಸಂಕ್ರಾಂತಿಯೊಳಗೆ ಬಾ. ಬಾರದಿದ್ದರೆ ಬಂಗಾರದ ತಕ್ಕಡಿಯಲ್ಲಿ ತೂಗಿದ ಈ ಎಂಜಿನ್ನು ಕುರುಗೋಡಿನಲ್ಲಿ ಮದುವೆ ದಿಬ್ಬಣ ಹೊರುತ್ತದೆ, ಆ ಪಾಪ ನಿನ್ನದು. ಬರುವ ಮೊದಲು "ಮಾವಾ, ತಪ್ಪಾತು" ಎಂದು ಒಂದು ಕಾರ್ಡು ಹಾಕು. ಕಾರ್ಡೇ ಆಗಬೇಕು, ಅಕ್ಷರ ದೊಡ್ಡದಾಗಿರಲಿ, ಗಾದೆಪ್ಪನ ಕಣ್ಣು ಈಚೆಗೆ ಮಂಜಾಗಿವೆ. ವಿಭೂತಿಯ ಸಂಗತಿ ನಿನಗೂ ನನಗೂ ಆ ಶಿವನಿಗೂ ಮಾತ್ರ ಗೊತ್ತಿರಲಿ. ನಿಮ್ಮವ್ವನ ಕಿವಿಗೆ ಬಿತ್ತೋ, ನಿನ್ನ ಕಿವಿ ನನ್ನ ಕೈಯಲ್ಲಿರುತ್ತದೆ.

ಅತ್ತೆಯ ಆಶೀರ್ವಾದವೂ ಇದರಲ್ಲೇ ಸೇರಿದೆ. ಮೈ ಕಾಯ್ದುಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ಎಲ್ಲ ಬೋಲ್ಟುಗಳನ್ನೂ ಬಿಗಿ ಮಾಡಿರುವ
ನಿನ್ನ ಮಾವ,
ತಿಪ್ಪೇರುದ್ರಪ್ಪ

ತಾ.ಕ.: ಕವರಿಗೆ ಗೋಂದು ಹಚ್ಚುತ್ತಿದ್ದೆ, ಅಷ್ಟರಲ್ಲಿ ನಿಮ್ಮವ್ವ ಬಳ್ಳಾರಿ ಬಸ್ಸಿಳಿದು ಶೆಡ್ಡಿಗೇ ಬಂದಳು. ಕಾರಿನ ಪಕ್ಕ ಡಬ್ಬದ ಮೇಲೆ ಕೂತು ಮೆಲ್ಲಗೆ ಹೇಳಿದಳು: "ತಮ್ಮಾ, ಆವತ್ತ ಮುಂಜಾನಿ ಕೊಟ್ರಬಸಪ್ಪಗ ವಿಭೂತಿ ಹಚ್ಚಿ ಚೂರು ಬಾಯಾಗ ಹಾಕಾಕ ಹೋದೆ. 'ಬ್ಯಾಡಬೇ, ಹೊತ್ತಾತು' ಅಂತ ಬಾಯಿನ ತೆಗೀಲಿಲ್ಲ. ಅವನ ಪಾಲಿಂದು ಕಾರಿನ ಬಾಯಾಗ ಹಾಕಿದೆ. ಒಂದ ಹಿಡಿ ಅಷ್ಟ. ಕಡಿಮಿ ಆತೇನೋ? ಅದಕ್ಕ ನಡುವ ನಿಂತಿತೇನೋ?" ಸೆರಗು ಬಿಚ್ಚಿದಳು. ಈ ಸಲಕ್ಕೆಂದು ಕೊಟ್ಟೂರಿನಿಂದ ತರಿಸಿದ್ದಾಳೆ, ತೆಂಗಿನಕಾಯಿ ಗಾತ್ರದ ಗಟ್ಟಿ. ಬೇಡವೆಂದರೆ ಯಾಕೆ ಎನ್ನುತ್ತಾಳೆ, ಯಾಕೆಂದು ಹೇಳಲಾರೆ. "ಮಗ ಬರ್ಲಿ ತಡಿಯಕ್ಕಾ, ಅವನ ಮುಂದ ಹಾಕೀಯಂತ" ಎಂದಿದ್ದೇನೆ. ಸರಿ ಎಂದು ಅಲ್ಲೇ ಕೂತಿದ್ದಾಳೆ, ಎದ್ದು ಹೋಗುವ ಲಕ್ಷಣವಿಲ್ಲ. ಕಾರ್ಡೂ ಬೇಡ, ತಪ್ಪಾತು ಅನ್ನುವುದೂ ಬೇಡ. ಇದು ಕೈಗೆ ಸೇರಿದ ದಿನದ ರೈಲಿಗೇ ಹೊರಡು. ಬಂದವನು ಕಾರು ನೋಡಬೇಡ, ನನ್ನನ್ನೂ ಮಾತಾಡಿಸಬೇಡ. ನೆಟ್ಟಗೆ ನಿಮ್ಮವ್ವನ ಮುಂದೆ ಹೋಗಿ ಬಾಯಿ ತೆರೆ.